ದೀಪದ ಬಿಸಿಗೆ ದಾರಿ ಬಿಡಿ

ಮಾರ್ಚ್ ಕಳೆಯುತ್ತಿದ್ದಂತೆ ಮೇಜಿನ ಮೇಲಿನ ಪುಟ್ಟ ಅಕ್ವೇರಿಯಂಗಳಲ್ಲಿ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಲವಲವಿಕೆಯಿಂದ ಓಡಾಡಿದ ಗಪ್ಪಿಗಳು ಸಂಜೆಯಾಗುತ್ತಲೇ ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತವೆ. ಹಸಿವೆಂದು ಇನ್ನೊಂದು ಚಿಟಿಕೆ ಆಹಾರ ಉದುರಿಸುವವರುಂಟು. ಆದರೆ ಅವಕ್ಕೆ ಕಡಿಮೆಯಾಗಿರುವುದು ಉಸಿರು. 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 7.6ಕ್ಕೆ ಇಳಿಯುತ್ತದೆ. ಬಿಸಿಗೆ ಮೀನಿನ ಚಯಾಪಚಯ ಚುರುಕಾಗುವುದರಿಂದ ಬೇಡಿಕೆ ಮಾತ್ರ ಏರುತ್ತದೆ. (ಫೈಟರ್ ಮೀನು ಆಗಾಗ ಮೇಲೆ ಬಂದು ಗಾಳಿ ನುಂಗುವುದು ಸಹಜ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ.)

ಎಷ್ಟು ಬಿಸಿ, ಎಲ್ಲಿಂದ?

20 ಲೀಟರಿನ ತೊಟ್ಟಿಯನ್ನೇ ತೆಗೆದುಕೊಳ್ಳಿ. ದೀಪದಿಂದ 10 ವ್ಯಾಟ್‌ನಷ್ಟು ಶಾಖ ಎಂಟು ಗಂಟೆ ಕಾಲ ನೀರಿಗಿಳಿದು ಅಲ್ಲೇ ಉಳಿದರೆ ನೀರು ಸುಮಾರು ಮೂರೂವರೆ ಡಿಗ್ರಿ ಬಿಸಿಯಾಗುತ್ತದೆ. 200 ಲೀಟರಿನ ತೊಟ್ಟಿಯಲ್ಲಾದರೆ ಇದೇ ಶಾಖ ಗಮನಕ್ಕೇ ಬರುವುದಿಲ್ಲ. ಹಳೆಯ ಬಲ್ಬುಗಳು ತಮ್ಮ ಶಾಖವನ್ನು ನೇರವಾಗಿ ನೀರಿನ ಮೇಲೇ ಸುರಿಯುತ್ತಿದ್ದವು. ಎಲ್‌ಇಡಿಯ ಬಿಸಿ ಹೆಚ್ಚಾಗಿ ಅದರ ಬೆನ್ನಿನ ಕಡೆಗೆ ಹೋಗುತ್ತದೆ. ಆದರೆ ಅದನ್ನು ಮುಚ್ಚಳದೊಳಗೇ ಕೂರಿಸಿದರೆ ಆ ಬಿಸಿಯೂ ಒಳಗೇ ಸುತ್ತುತ್ತದೆ.

ತಪ್ಪು ದೀಪದ್ದೋ ಕೋಣೆಯದ್ದೋ ಎಂದು ತಿಳಿಯಲು ಥರ್ಮಾಮೀಟರ್ ಸಾಕು. ದೀಪ ಹಾಕುವ ಮುನ್ನ ಬೆಳಿಗ್ಗೆ ಒಮ್ಮೆ, ಆರಿಸುವ ಮುನ್ನ ಸಂಜೆ ಒಮ್ಮೆ ಉಷ್ಣಾಂಶ ಬರೆದಿಡಿ. ಮರುದಿನ ದೀಪ ಹಾಕದೆ ಅದೇ ಹೊತ್ತಿಗೆ ಮತ್ತೆ ನೋಡಿ. ಹವೆ ಎರಡೂ ದಿನ ಒಂದೇ ತೆರನಾಗಿದ್ದರೆ, ಸಂಜೆಯ ಅಂಕಿಗಳ ನಡುವಿನ ಅಂತರವೇ ದೀಪದ ಪಾಲು. ಅಂತರವಿಲ್ಲದಿದ್ದರೆ ಕಿಟಕಿಯ ಬಿಸಿಲನ್ನೋ, ನೀರಿನೊಳಗೇ ಮುಳುಗಿರುವ ಫಿಲ್ಟರಿನ ಮೋಟರನ್ನೋ ಅನುಮಾನಿಸಬೇಕು. ಮುಳುಗಿದ ಮೋಟರಿನ ಶಾಖ ನೇರ ನೀರಿಗೇ ಸೇರುತ್ತದೆ.

ಆವಿಯೇ ಮದ್ದು

ಒಳಬಂದ ಶಾಖ ಹೊರಹೋಗಲು ಇರುವ ಹೆದ್ದಾರಿ ನೀರಿನ ಮೇಲ್ಮೈ. ಗಾಜಿನ ಮುಚ್ಚಳ ಅದನ್ನೇ ಅಡ್ಡಗಟ್ಟುತ್ತದೆ. ಮಣ್ಣಿನ ಹೂಜಿಯ ನೀರನ್ನು ತಂಪಾಗಿಸುವ ಸೂತ್ರವೇ ಇಲ್ಲಿಯೂ ನಡೆಯುತ್ತದೆ: ಆವಿಯಾಗುವ ನೀರು ಉಳಿದ ನೀರಿನಿಂದ ಶಾಖ ಕಸಿದುಕೊಂಡು ಹೋಗುತ್ತದೆ. ಮೇಲಿನ ಲೆಕ್ಕದ ಎಂಟು ಗಂಟೆಯ ಶಾಖವನ್ನು ಒಯ್ಯಲು ಸುಮಾರು 120 ಮಿಲಿಲೀಟರ್, ಎಂದರೆ ಒಂದು ಪುಟ್ಟ ಲೋಟದಷ್ಟು, ನೀರು ಆವಿಯಾದರೆ ಸಾಕು.

ಆದ್ದರಿಂದ ಮುಚ್ಚಳ ತೆಗೆದು ಬಲೆ ಹೊದಿಸಿ. ಮೀನು ಹೊರಗೆ ಹಾರುವ ಭಯವಿರುವುದಿಲ್ಲ. ದೀಪವನ್ನು ಒಂದು ಗೇಣು ಎತ್ತರಕ್ಕೇರಿಸಿ. ಕಂಪ್ಯೂಟರಿನ ಪುಟ್ಟ ಫ್ಯಾನನ್ನು ಅಂಚಿಗೆ ಭದ್ರವಾಗಿ ಸಿಕ್ಕಿಸಿ, ಗಾಳಿ ನೀರನ್ನು ಸವರಿಕೊಂಡು ಹೋಗುವಂತೆ ತಿರುಗಿಸಿದರೆ ಎರಡು-ಮೂರು ಡಿಗ್ರಿ ಇಳಿಯುವುದುಂಟು. ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಅಷ್ಟು ನೆಚ್ಚುವಂತಿಲ್ಲ. ಅಲ್ಲಿ ದೀಪದ ಅವಧಿಯನ್ನು ಮೊಟಕು ಮಾಡುವುದೇ ಮೇಲು. ಏರ್ ಪಂಪ್ ಎಲ್ಲ ಕಡೆಯೂ ಇರಲಿ. ನೀರು ಕದಡಿದಷ್ಟೂ ಆಮ್ಲಜನಕ ಬೆರೆಯುತ್ತದೆ.

ಒಂದು ಎಚ್ಚರ: ಆವಿಯಾಗುವುದು ನೀರು ಮಾತ್ರ, ಲವಣಗಳು ಹಿಂದೆಯೇ ಉಳಿಯುತ್ತವೆ. ಬರೀ ಬೋರ್‌ವೆಲ್ ನೀರು ತುಂಬುತ್ತಾ ಹೋದರೆ ಗಡಸು ಏರುತ್ತದೆ. ಕಡಿಮೆಯಾದಷ್ಟಕ್ಕೆ ಆರ್‌ಒ ನೀರು ಸೇರಿಸಿ. ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸುವ ರೂಢಿಯನ್ನು ಬಿಡಬೇಡಿ. ಇನ್ನು ಐಸ್ ತುಂಡುಗಳನ್ನು ಸುರಿಯುವ ಆತುರ ಬೇಡ. ಹಠಾತ್ತನೆ ಇಳಿಯುವ ಉಷ್ಣಾಂಶ ಮೀನಿಗೆ ಬಿಸಿಗಿಂತಲೂ ದೊಡ್ಡ ಪೆಟ್ಟಾಗಬಹುದು.

ತೊಟ್ಟಿಯಲ್ಲಿ ಜೀವಂತ ಗಿಡಗಳಿದ್ದರೆ ದಿನಕ್ಕೆ ಆರರಿಂದ ಎಂಟು ಗಂಟೆ ಬೆಳಕು ಬೇಕು. ಒಂದು ಟೈಮರ್ ಆ ಶಿಸ್ತು ಕಾಯುತ್ತದೆ. ಪ್ಲಾಸ್ಟಿಕ್ ಗಿಡಗಳಾದರೆ ಕೋಣೆಯ ಬೆಳಕೇ ಮೀನಿಗೆ ಸಾಕು. ಅಲ್ಲಿ ದೀಪ ಉರಿಯುವುದು ನೋಡುವವರಿಗಾಗಿ. ನೋಡಲು ಯಾರೂ ಇಲ್ಲದ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಆರಿಯೇ ಇರಲಿ.