ಔಷಧಿ ಕೊಟ್ಟ ಎಮ್ಮೆಯ ಹಾಲು
ನವಿಲುತೀರ್ಥದ ಕಾಲುವೆ ನೀರಿನಲ್ಲಿ ಮೇವು ಬೆಳೆದು ಎಮ್ಮೆ ಕಟ್ಟಿದ ರೈತರಿಗೆ ಕೆಚ್ಚಲು ಬಾವು ಹೊಸದಲ್ಲ. ಇದಕ್ಕೆ ಪೆನಿಸಿಲಿನ್‌ನಂತಹ ಔಷಧಿಯನ್ನು ಕೆಚ್ಚಲಿಗೆ ಏರಿಸುವುದುಂಟು. ಅದರ ಅಂಶ ಕೆಲವು ದಿನ ಹಾಲಿನಲ್ಲಿ ಇಳಿದು ಬರುತ್ತದೆ; ಕುದಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಪೆನಿಸಿಲಿನ್ ಒಗ್ಗದವರಿಗೆ ಇಂಥ ಹಾಲಿನಿಂದ ಮೈಮೇಲೆ ದದ್ದು ಏಳಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ ರೋಗಾಣುಗಳು ಔಷಧಿಗೆ ಜಗ್ಗದಂತಾಗುವುದು.

ಔಷಧಿಯ ಅಂಶ ಮೊಸರಿನ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಆದ್ದರಿಂದ ಹಾಲು ಸರಿಯಾಗಿ ಹೆಪ್ಪಾಗದಿದ್ದರೆ ಹೆಪ್ಪು ಹಾಕಿದವರನ್ನು ದೂರುವ ಮೊದಲು ಎಮ್ಮೆಗೆ ಕೊಟ್ಟ ಔಷಧಿಯನ್ನು ನೆನೆಯುವುದು ಒಳ್ಳೆಯದು.

ಎಷ್ಟು ದಿನ ಹಾಲು ಬಳಸಬಾರದೆಂಬುದನ್ನು ಔಷಧಿಯ ಚೀಟಿಯಲ್ಲಿ ನೋಡಬೇಕು. ಅಲ್ಲಿ ಬರೆದಿರದಿದ್ದರೆ, 2012ರ ಕೇಂದ್ರ ನಿಯಮದಂತೆ ಕನಿಷ್ಠ 7 ದಿನ. ಕೊನೆಯ ಸಲ ಔಷಧಿ ಕೊಟ್ಟಂದಿನಿಂದ ಎಣಿಕೆ. ಒಂದೇ ಮೊಲೆಗೆ ಔಷಧಿ ಏರಿಸಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಡೇರಿಯ ಕ್ಯಾನಿಗೆ ಸುರಿಯಬಾರದು, ಕರುವಿಗೂ ಕುಡಿಸಬಾರದು.