ಕೇದಾರದ ಹಾದಿ ಮತ್ತು ಹೊಟ್ಟೆಯ ತೊಳಸು

ಉಜ್ಜಯಿನಿ ಪೀಠದ ನೆರಳಿನಲ್ಲಿರುವ ನಮ್ಮ ಅರಸೀಕೆರೆ ಸೀಮೆಯ ಸದ್ಭಕ್ತರಿಗೆ ಹಿಮವತ್ಕೇದಾರದ ದರ್ಶನವು ಜೀವಮಾನದ ಹಂಬಲ. ಈಗ ಬೆಂಗಳೂರಿನಿಂದ ಡೆಹ್ರಾಡೂನಿಗೆ ವಿಮಾನ, ಅಲ್ಲಿಂದ ಋಷಿಕೇಶ, ದೇವಪ್ರಯಾಗ, ರುದ್ರಪ್ರಯಾಗ, ಗುಪ್ತಕಾಶಿಗಳನ್ನು ದಾಟಿ ಸೋನಪ್ರಯಾಗದವರೆಗೆ ಘಟ್ಟದ ರಸ್ತೆ. ನಡೆಯಲಾರದವರಿಗೆ ಫಾಟಾದಿಂದ ಹೆಲಿಕಾಪ್ಟರ್. ಯಾತ್ರೆಯ ಕಾಲ ಬಂತೆಂದರೆ ನಮ್ಮಲ್ಲಿಗೆ ಬರುವವರ ಪ್ರಶ್ನೆ ಒಂದೇ: "ಡಾಕ್ಟ್ರೇ, ಹರಪನಹಳ್ಳಿ ಬಸ್ಸಿನಾಗ ಕುಂತ್ರೇ ವಾಂತಿ ಬರತೈತಿ, ಇಮಾನದಾಗ ಹೆಂಗ್ರೀ?"

ಹಳ್ಳದ ನೀರು ಬಂಡೆಯ ಮೇಲೆ ಹಾಯ್ದು ಆಚೆಗೆ ಸುಳಿಗಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಗಾಳಿಯೂ ಪರ್ವತವನ್ನೇರಿ ಇಳಿಯುವಾಗ ಹಾಗೆಯೇ ಅಲೆಯಾಗಿ, ಸುಳಿಯಾಗಿ ಹರಿಯುತ್ತದೆ. ವಿಮಾನವು ಅದರೊಳಗೆ ಹೊಕ್ಕಾಗ ಕುಲುಕುತ್ತದೆ. ಇದಕ್ಕಾಗಿ ವಿಮಾನ ಮುರಿದು ಬೀಳುವುದೆಂಬ ಭಯ ಬೇಡ. ಭಯಪಡಬೇಕಾದುದು ಬೆಲ್ಟು ಕಟ್ಟದಿರುವುದಕ್ಕೆ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ವಿಮಾನವು ಮ್ಯಾನ್ಮಾರಿನ ಮೇಲೆ ಇಂಥ ಕುಲುಕಾಟಕ್ಕೆ ಸಿಕ್ಕಿ ಬ್ಯಾಂಕಾಕಿನಲ್ಲಿ ಇಳಿಯಬೇಕಾಯಿತು. ಪ್ರಯಾಣಿಕರೊಬ್ಬರು ಮೃತರಾದರು, ಹಲವರು ಗಾಯಗೊಂಡರು. ಕುಳಿತಷ್ಟು ಹೊತ್ತೂ ಬೆಲ್ಟು ಸೊಂಟದಲ್ಲಿರಲಿ. ನೆಲ ಕಾಯುವ ಮುನ್ನಿನ ಮುಂಜಾವದ ವಿಮಾನ ಮತ್ತು ರೆಕ್ಕೆಯ ಬಳಿಯ ಆಸನ, ಇವೆರಡೂ ಕುಲುಕಾಟವನ್ನು ತಗ್ಗಿಸುತ್ತವೆ.

ವಾಕರಿಕೆಯ ಮೂಲ ಹೊಟ್ಟೆಯಲ್ಲಿಲ್ಲ, ಕಿವಿಯಲ್ಲಿದೆ. ಒಳಗಿವಿಯ ಸಮತೋಲನದ ಅಂಗವು "ದೇಹ ಅಲುಗುತ್ತಿದೆ" ಎನ್ನುತ್ತದೆ. ಮುಂದಿನ ಸೀಟನ್ನೋ ಕೈಯ ಮೊಬೈಲನ್ನೋ ದಿಟ್ಟಿಸುವ ಕಣ್ಣು "ಇಲ್ಲ, ನಿಶ್ಚಲವಾಗಿದೆ" ಎನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧದಲ್ಲಿ ಮಿದುಳು ಕಂಗೆಡುತ್ತದೆ. ಆದ್ದರಿಂದ ಬಸ್ಸಿನಲ್ಲಿ ಮುಂದೆ ಕುಳಿತು ದೂರದ ದಾರಿಯನ್ನು ನೋಡಬೇಕು. ವಿಮಾನದಲ್ಲಿ ತಲೆಯನ್ನು ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಬೇಕು.

ಚರಕಾಚಾರ್ಯರು ಸೂತ್ರಸ್ಥಾನದ 4ನೆಯ ಅಧ್ಯಾಯದಲ್ಲಿ ವಾಂತಿಯನ್ನು ತಡೆಯುವ 10 ದ್ರವ್ಯಗಳನ್ನು ಹೇಳಿದ್ದಾರೆ. ದಾಳಿಂಬೆ, ಮಾದಲ, ಲಾವಂಚ, ಭತ್ತದ ಅರಳು ಅವುಗಳಲ್ಲಿ ಸೇರಿವೆ. ಎಲ್ಲರೂ ಮೊದಲು ನೆನೆಯುವ ಶುಂಠಿ ಆ ಹತ್ತರಲ್ಲಿಲ್ಲ. ಅದು ಹಸಿವನ್ನು ಹೆಚ್ಚಿಸುವ ದೀಪನೀಯ ಗಣದಲ್ಲಿದೆ. ಆದರೂ ಹೊರಡುವ ಅರ್ಧ ಗಂಟೆ ಮುಂಚೆ ಒಂದು ಚೂರು ಹಸಿಶುಂಠಿಯನ್ನು ಅಗಿದು ಲಾಭ ಕಂಡವರು ನಮ್ಮಲ್ಲಿ ಬಹಳ. ಎಲ್ಲರಿಗೂ ಫಲಿಸದು. ಎದೆಯುರಿ ಇದ್ದವರು, ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ಅಲೋಪತಿಯ ವಾಂತಿ ಮಾತ್ರೆಗಳ ಬಗ್ಗೆ ನಮಗೆ ಮಡಿವಂತಿಕೆಯಿಲ್ಲ. ಆದರೆ ಅವು ಮಂಪರು ತರುತ್ತವೆ, ಗಾಡಿ ನಡೆಸುವವರಿಗೆ ಸಲ್ಲವು. ವಾಂತಿ ಬಂದೇಬಿಟ್ಟರೆ ನಾಚಿ ನುಂಗಿಕೊಳ್ಳಬಾರದು. ತಡೆಯಬಾರದ ವೇಗಗಳಲ್ಲಿ ವಾಂತಿಯೂ ಒಂದೆಂದು ಶಾಸ್ತ್ರವೇ ಹೇಳಿದೆ.

ಇಲ್ಲಿ ನಮ್ಮ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆಯ ತಾಯಿಯೊಬ್ಬರಿಗೆ ಯಾತ್ರೆಗೆಂದು ಶುಂಠಿ ಕೊಟ್ಟು ಕಳಿಸಿದೆವು. ವಾಂತಿಯಾದೀತೆಂದು ಅವರು ಬೆಳಗಿನಿಂದ ಏನೂ ಉಣ್ಣದೆ, ಸಕ್ಕರೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದರು. ರುದ್ರಪ್ರಯಾಗ ದಾಟುವಷ್ಟರಲ್ಲಿ ಬೆವೆತು, ಕಣ್ಣು ಕತ್ತಲಿಟ್ಟು ಒರಗಿದರು. ಜೊತೆಯವರು ಬಸ್ಸಿನ ಬವಳಿಯೆಂದೇ ಬಗೆದು ನಿಂಬೆಹಣ್ಣು ಮೂಸಿಸುತ್ತ ಕುಳಿತರಂತೆ. ಇನ್ನೂ ಎಚ್ಚರವಿದ್ದುದರಿಂದ, ಯಾರೋ ಬಾಯಿಗಿಟ್ಟ ಬೆಲ್ಲ ಅವರನ್ನು ಉಳಿಸಿತು. ಶುಂಠಿಯ ಮಾತು ಹೇಳಿದ ನಾವು ಊಟದ ಮಾತು ಹೇಳಿರಲಿಲ್ಲ. ಈಗ ಎಲ್ಲರಿಗೂ ಮೊದಲು ಹೇಳುವುದು ಅದನ್ನೇ: ಬರಿಹೊಟ್ಟೆ ಬೇಡ, ಮಿರ್ಚಿಯೂ ಬೇಡ, ಒಂದು ಹಿಡಿ ಸಪ್ಪೆ ಮಂಡಕ್ಕಿ, ಅರಳಿನ ಗಂಜಿ ಸಾಕು.

ಇನ್ನೊಂದು ಅಪಾಯ ಮೇಲಿದೆ. ಕೇದಾರದ ಎತ್ತರ ಸುಮಾರು 3,580 ಮೀಟರ್. ಪ್ರಯಾಣದ ವಾಂತಿ ವಾಹನ ನಿಂತ ಕೆಲ ಹೊತ್ತಿಗೆ ಶಮನವಾಗುತ್ತದೆ. ಇಳಿದು ಗಂಟೆಗಳಾದರೂ ವಾಂತಿ ನಿಲ್ಲದೆ, ತಲೆ ಸಿಡಿಯುತ್ತಿದ್ದರೆ, ಕುಳಿತಲ್ಲೇ ಏದುಸಿರು ಬರುತ್ತಿದ್ದರೆ, ಹೆಜ್ಜೆ ತಡವರಿಸುತ್ತಿದ್ದರೆ ಅದು ಎತ್ತರದ ತೆಳುಗಾಳಿಯ ಬೇನೆ. ಹೆಲಿಕಾಪ್ಟರಿನಲ್ಲಿ ನಿಮಿಷಗಳಲ್ಲಿ ಮೇಲೇರಿದವರಿಗೆ ದೇಹ ಒಗ್ಗಲು ಅವಕಾಶವೇ ಇರುವುದಿಲ್ಲ. ಆಗ ಶುಂಠಿ ಹುಡುಕುತ್ತ ಕೂರದೆ ಅಲ್ಲಿನ ವೈದ್ಯಕೀಯ ಶಿಬಿರಕ್ಕೆ ತಿಳಿಸಿ, ಆಮ್ಲಜನಕ ಕೊಡಿಸಿ, ರೋಗಿಯನ್ನು ಕೆಳಗಿಳಿಸಬೇಕು. ದರ್ಶನ ಇನ್ನೂ ಆಗಿಲ್ಲವೆಂದು ಹಿರಿಯರು ಹಟ ಹಿಡಿದರೂ ಇಳಿಸಬೇಕು.