ಊರಿನ ಹೆಸರಿಗೂ ಒಂದು ರುಚಿ

ಕಡೂರು ತಾಲ್ಲೂಕಿನ ಹಿರೇನಲ್ಲೂರಿನದು ಅಪ್ಪಟ ಬಯಲುಸೀಮೆಯ ಬದುಕು. ರಾಗಿ, ತೆಂಗು, ಅಡಿಕೆ. ಮಳೆ ಕೈಕೊಟ್ಟರೆ ಕೊಳವೆ ಬಾವಿಯ ಚಿಂತೆ. ಪಶ್ಚಿಮ ದಿಕ್ಕಿನಲ್ಲಿ ಬಾಬಾಬುಡನ್ ಗಿರಿಶ್ರೇಣಿ. ಮುಂಗಾರಿನ ಮೋಡಗಳನ್ನು ಆಚೆಯೇ ತಡೆದು ಕಡೂರಿನ ಬಯಲಿಗೆ ಬರ ತಂದಿಡುವುದು ಈ ಬೆಟ್ಟಗಳೇ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ ನೀರು ಹರಿಸುವುದೂ ಇವೇ ಎನ್ನಿ! ಭಾರತದ ಕಾಫಿಯ ಕಥೆ ಆರಂಭವಾಗುವುದು ಇದೇ ಬೆಟ್ಟಗಳ ಮೇಲೆ. ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾಬುಡನ್ ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ನೆಟ್ಟರೆಂಬ ಪ್ರತೀತಿಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಮುಂದಿನ ಕಥೆ ಅಷ್ಟಾಗಿ ಪರಿಚಿತವಲ್ಲ.

ಆ ಕಥೆ ತಿಳಿಯಲು ಒಮ್ಮೆ ಇಟಲಿಗೆ ಹೋಗಿಬರೋಣ. ವಾಯವ್ಯ ಇಟಲಿಯ ಪಿಯೆಮಾಂಟ್ ಪ್ರಾಂತದಲ್ಲಿ, ಆಲ್ಬಾ ಪಟ್ಟಣದ ಸಮೀಪ ಬರೋಲೊ ಎಂಬ ಪುಟ್ಟ ಹಳ್ಳಿಯಿದೆ. ಜಗತ್ತಿನ ಅತ್ಯಂತ ಪ್ರತಿಷ್ಠಿತ ಕೆಂಪು ವೈನ್‌ಗಳಲ್ಲಿ ಒಂದಕ್ಕೆ ಈ ಹಳ್ಳಿಯದೇ ಹೆಸರು. (ವೈನ್ ಎಂದೊಡನೆ ಪೋಷಕರು ಹುಬ್ಬು ಗಂಟಿಕ್ಕಬೇಕಿಲ್ಲ. ನಮಗೆ ಬೇಕಾದದ್ದು ಸೀಸೆಯ ಒಳಗಿನ ದ್ರವವಲ್ಲ, ಹೊರಗಿನ ಚೀಟಿ.) ನೆಬ್ಬಿಯೊಲೊ ಎಂಬ ಒಂದೇ ಜಾತಿಯ ದ್ರಾಕ್ಷಿ, ಅದೂ ಗೊತ್ತುಪಡಿಸಿದ 11 ಹಳ್ಳಿಗಳ ಗುಡ್ಡಗಳಲ್ಲೇ ಬೆಳೆದಿರಬೇಕು. ಮಾರುವ ಮುನ್ನ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಪಕ್ಕದ ಊರಿನವರು ಅದೇ ದ್ರಾಕ್ಷಿಯನ್ನು ಅಷ್ಟೇ ಶ್ರದ್ಧೆಯಿಂದ ಬೆಳೆದರೂ ‘ಬರೋಲೊ’ ಎಂದು ಬರೆದುಕೊಳ್ಳುವಂತಿಲ್ಲ. 1980ರಲ್ಲಿ ಇಟಲಿ ಸರ್ಕಾರ ಈ ಹೆಸರಿಗೆ ತನ್ನ ಅತ್ಯುನ್ನತ ದರ್ಜೆಯ ಮುದ್ರೆ ಒತ್ತಿತು. 2014ರಲ್ಲಿ ಯುನೆಸ್ಕೋ ಈ ಗುಡ್ಡಗಳ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದೆಲ್ಲ ಮೊದಲಿನಿಂದ ಇದ್ದ ವೈಭವವೇನಲ್ಲ. ಎರಡನೆಯ ಮಹಾಯುದ್ಧದ ನಂತರ ಈ ಸೀಮೆ ಕಡು ಬಡತನದಲ್ಲಿತ್ತು. ಹುಡುಗರು ಹೊಲ ಬಿಟ್ಟು ಟ್ಯೂರಿನ್ ನಗರದ ಕಾರ್ಖಾನೆಗಳ ದಾರಿ ಹಿಡಿದರು. ರೈತರು ದ್ರಾಕ್ಷಿಯನ್ನು ಆಲ್ಬಾದ ಸಂತೆಗೆ ತಂದರೆ ದಲ್ಲಾಳಿ ಹೇಳಿದ್ದೇ ಬೆಲೆ. ಯಾವ ಗುಡ್ಡದ ಹಣ್ಣಾದರೂ ವ್ಯಾಪಾರಿಯ ತೊಟ್ಟಿಯಲ್ಲಿ ಒಂದಾಗುತ್ತಿತ್ತು. 1958ರಲ್ಲಿ ಕಾಸ್ತಿಲಿಯೊನೆ ಫಲ್ಲೆತ್ತೊ ಹಳ್ಳಿಯ ಮೇಯರ್ ಆರ್ನಾಲ್ದೊ ರಿವೇರಾ ಎಂಬವರು 22 ಬೆಳೆಗಾರರನ್ನು ಕೂಡಿಸಿ ‘ತೆರ್ರೆ ದೆಲ್ ಬರೋಲೊ’ ಸಹಕಾರ ಸಂಘ ಕಟ್ಟಿದರು. ಅವರು ವೃತ್ತಿಯಿಂದ ಶಾಲಾ ಮೇಷ್ಟ್ರು! ಕ್ರಮೇಣ ಬೆಳೆಗಾರರು ತಮ್ಮ ಗುಡ್ಡದ ಹೆಸರನ್ನೇ ಚೀಟಿಯ ಮೇಲೆ ಅಚ್ಚು ಹಾಕಿಸತೊಡಗಿದರು. 2010ರಲ್ಲಿ ಅಂಥ 170 ತೋಟಸೀಮೆಗಳ ಎಲ್ಲೆಯನ್ನು ಅಧಿಕೃತವಾಗಿ ಗುರುತಿಸಲಾಯಿತು.

ಈಗ ನಮ್ಮ ಬೆಟ್ಟಕ್ಕೆ ಮರಳೋಣ. ನಮ್ಮಲ್ಲಿಯೂ ಒಂದು ತೊಟ್ಟಿಯಿತ್ತು, ಅದರ ಹೆಸರು ‘ಪೂಲ್’. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. ಮಂಡಳಿ ಎಲ್ಲವನ್ನೂ ಒಟ್ಟುಗೂಡಿಸಿ ಹರಾಜು ಹಾಕಿ, ಕಂತುಗಳಲ್ಲಿ ಹಣ ಕೊಡುತ್ತಿತ್ತು. ಬೆಲೆ ನೆಲಕಚ್ಚಿದ್ದ ಯುದ್ಧಕಾಲದಲ್ಲಿ ಬೆಳೆಗಾರನನ್ನು ಉಳಿಸಿದ ವ್ಯವಸ್ಥೆ ಅದು, ಆ ಋಣ ಮರೆಯುವಂಥದ್ದಲ್ಲ. ಆದರೆ ಗಿರಿಯ ನೆತ್ತಿಯ ಕಾಫಿಯೂ ತಪ್ಪಲಿನ ಕಾಫಿಯೂ ಒಂದೇ ರಾಶಿಗೆ ಬಿದ್ದಾಗ, ಬೆಟ್ಟದ ಹೆಸರು ಅಲ್ಲೇ ಕಳೆದುಹೋಗುತ್ತಿತ್ತು. 1990ರ ದಶಕದ ಮೊದಲಲ್ಲಿ ಸಡಿಲವಾಗತೊಡಗಿದ ಈ ಕಟ್ಟು 1996ರಲ್ಲಿ ಪೂರ್ತಿ ಬಿಚ್ಚಿತು.

ಹೆಸರನ್ನು ಕಾಯುವ ಕಾನೂನು ಬಂದದ್ದು ಅನಂತರ. 1999ರಲ್ಲಿ ಅಂಗೀಕಾರವಾದ ಭೌಗೋಳಿಕ ಸೂಚಿಗಳ ಕಾಯ್ದೆ 2003ರಲ್ಲಿ ಜಾರಿಯಾಯಿತು. 2019ರಲ್ಲಿ ‘ಬಾಬಾಬುಡನ್ ಗಿರಿ ಅರೇಬಿಕಾ’ ಮತ್ತು ‘ಚಿಕ್ಕಮಗಳೂರು ಅರೇಬಿಕಾ’ ಎರಡಕ್ಕೂ ಮಾನ್ಯತೆ ದೊರೆಯಿತು. ಒಂದೇ ಜಿಲ್ಲೆಗೆ ಎರಡು ಹೆಸರು ಏಕೆ? ಎತ್ತರದ ಗಿರಿಯ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ. ಅದನ್ನು ಕೈಯಿಂದ ಆರಿಸಿ ಬಿಡಿಸಿ, ಸಹಜವಾಗಿ ಹುದುಗಿಸಿ ಸಂಸ್ಕರಿಸುತ್ತಾರೆ. ಕಾಫಿಗೆ ಚಾಕೊಲೇಟಿನ ನಸು ಪರಿಮಳ ಬರುತ್ತದೆಂದು ರುಚಿ ಪರೀಕ್ಷಕರು ಹೇಳುತ್ತಾರೆ.

ಮಾನ್ಯತೆ ಸಿಕ್ಕ ಮಾತ್ರಕ್ಕೆ ಬೆಳೆಗಾರನ ಜೇಬು ತುಂಬುವುದಿಲ್ಲ. ಹೆಸರು ಬಳಸಲು ಪ್ರತಿಯೊಬ್ಬ ಬೆಳೆಗಾರನೂ ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಳ್ಳಬೇಕು, ತನ್ನ ಕಾಫಿಯನ್ನು ಬೇರೆಯಾಗಿಯೇ ಸಂಸ್ಕರಿಸಿ ಮಾರಬೇಕು. ಒಂದೆರಡು ಎಕರೆಯ ಸಣ್ಣ ಹಿಡುವಳಿದಾರನಿಗೆ ಇದು ಸುಲಭದ ಮಾತಲ್ಲ. ರಿವೇರಾ ಮೇಷ್ಟ್ರ ನೆನಪಾಗುವುದು ಇಲ್ಲೇ. ಜೊತೆಗೆ ಅರೇಬಿಕಾ ಬಲು ನಾಜೂಕಿನ ಗಿಡ. ಬಿಳಿ ಕಾಂಡಕೊರಕ ಹುಳು ಹೊಕ್ಕರೆ ಗಿಡವನ್ನೇ ಕಿತ್ತು ಸುಡಬೇಕು. ದೇಶದ ಕಾಫಿಯಲ್ಲಿ ಈಗ ಸುಮಾರು ಶೇ 70 ಭಾಗ ಗಟ್ಟಿಮುಟ್ಟಾದ ರೊಬಸ್ಟಾ ತಳಿಯದು. ಗಿರಿಯಲ್ಲಿ ಅರೇಬಿಕಾವೇ ಇಲ್ಲವಾದರೆ ಹೆಸರು ಕಾಗದದ ಮೇಲಷ್ಟೇ ಉಳಿದೀತು.

ವಿದ್ಯಾರ್ಥಿಗಳಿಗೆ ಇಲ್ಲೊಂದು ದಾರಿಯಿದೆ. ಆಲ್ಬಾದಲ್ಲಿ 1881ರಲ್ಲೇ ದ್ರಾಕ್ಷಿ ಕೃಷಿ ಮತ್ತು ವೈನ್ ತಯಾರಿಕೆಯ ಶಾಲೆ ತೆರೆಯಿತು; ಇಂದಿನ ಎಷ್ಟೋ ಬೆಳೆಗಾರರು ಅದರ ಹಳೆಯ ವಿದ್ಯಾರ್ಥಿಗಳು. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿದೆ, ಹೆಸರಾಂತ ಎಸ್.795 ತಳಿ ಅಲ್ಲಿಯದೇ ಕೊಡುಗೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ. ಪದವಿಯ ನಂತರ ಕಾಫಿ ಗುಣಮಟ್ಟ ಪರೀಕ್ಷೆಯನ್ನೇ ಕಲಿಸುವ ಡಿಪ್ಲೊಮಾ ಕೋರ್ಸನ್ನು ಕಾಫಿ ಮಂಡಳಿ ನಡೆಸುತ್ತದೆ. ರುಚಿ ನೋಡುವುದೂ ಒಂದು ಉದ್ಯೋಗವೇ ಎಂದು ಹಿರಿಯರು ನಗಬಹುದು, ಆದರೆ ರಫ್ತಿನ ಬೆಲೆ ನಿಂತಿರುವುದು ಆ ನಾಲಿಗೆಯ ಮೇಲೆಯೇ. 2013ರಿಂದ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬೇರೆ ಓಡುತ್ತಿದೆ.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಅಡುಗೆಮನೆಯ ಕಾಫಿಪುಡಿ ಪೊಟ್ಟಣದ ಮೇಲೆ ಯಾವ ಊರಿನ ಹೆಸರಿದೆ, ಚಿಕೋರಿ ಶೇಕಡಾ ಎಷ್ಟು ಎಂದು ಓದಿ. ಕಾನೂನು ಶೇ 49ರವರೆಗೂ ಚಿಕೋರಿಗೆ ಅವಕಾಶ ಕೊಟ್ಟಿದೆ. ಬಳಿಕ ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಮಚ ಪುಡಿ ಉದುರಿಸಿ ಅಲುಗಾಡಿಸದೆ ನೋಡುತ್ತಿರಿ. ಕಾಫಿ ಮೇಲೆ ತೇಲುತ್ತದೆ. ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕಿಳಿಯುತ್ತದೆ.